ಸೊಪ್ಪಿನ ಕೋಣೆಯ ಬ್ಯಾಟರಿ

ನನ್ನ ಗಂಡ ಬೊಮ್ಮಣ್ಣನಿಗೆ ಗೊತ್ತಿಲ್ಲದ ವಿಷಯ ಈ ಭೂಮಿಯ ಮೇಲೆ ಇಲ್ಲ. ಯಾರಾದರೂ ಏನಾದರೂ ಹೇಳಲು ಬಾಯಿ ತೆರೆದರೆ ಸಾಕು, ಅವರು ಮುಗಿಸುವ ಮೊದಲೇ "ಗೊತ್ತು, ಗೊತ್ತು" ಎಂದು ತಲೆಯಾಡಿಸಿ, ಉಳಿದರ್ಧವನ್ನು ತಾನೇ ಹೇಳಿ ಮುಗಿಸುತ್ತಾನೆ. ಡಾಕ್ಟರಿಗೆ ಮಾತ್ರೆಯ ಬಗ್ಗೆ ಹೇಳುತ್ತಾನೆ, ಬಸ್ಸಿನ ಡ್ರೈವರಿಗೆ ಗೇರಿನ ಬಗ್ಗೆ ಹೇಳುತ್ತಾನೆ, ನನಗೆ ಸಾರಿಗೆ ಹಾಕುವ ಉಪ್ಪಿನ ಬಗ್ಗೆ ಹೇಳುತ್ತಾನೆ. ಮದುವೆಯಾದ ಹೊಸದರಲ್ಲಿ ಇದನ್ನು ನಾನು ಬುದ್ಧಿವಂತಿಕೆ ಎಂದುಕೊಂಡಿದ್ದೆ. ಆಮೇಲೆ ಕಾಯಿಲೆ ಎಂದುಕೊಂಡೆ. ಈಗ ಏನೂ ಅಂದುಕೊಳ್ಳುವುದಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ನನ್ನ ಕೆಲಸ ನೋಡುತ್ತೇನೆ.

ನನ್ನ ಕೆಲಸ ರೇಷ್ಮೆ. ಮಡಕಶಿರಾ ಸೀಮೆಯಲ್ಲಿ ಮಂಜುಳಮ್ಮ ಎಂಬ ಹೆಸರಿನವರು ಬೇಕಾದಷ್ಟು ಜನ ಇದ್ದಾರೆ. "ಹುಳದ ಮಂಜುಳಮ್ಮ" ಎಂದರೆ ಮಾತ್ರ ನಾನೊಬ್ಬಳೇ. ಹೇಮಾವತಿ ಊರಿಗೆ ಹೋಗುವ ದಾರಿಯಲ್ಲಿ, ಊರಾಚೆ, ನಮ್ಮ ಹಿಪ್ಪುನೇರಳೆ ತೋಟದ ತಲೆಗೆ ಹುಳದ ಮನೆ ಇದೆ. ತೋಟಕ್ಕೆ ಗೊಬ್ಬರ ಹೊತ್ತವಳು ನಾನು, ಸೊಪ್ಪು ಕೊಯ್ದವಳು ನಾನು, ಹುಳ ಸಾಕಿದವಳು ನಾನು. ಗೂಡು ಹಿಂದೂಪುರದ ಮಾರ್ಕೆಟ್ಟಿಗೆ ಹೋಗುವ ದಿನ ಮಾತ್ರ ಬೊಮ್ಮಣ್ಣ ಬಿಳಿ ಅಂಗಿ ತೊಟ್ಟು ಬರುತ್ತಾನೆ. ಅಲ್ಲಿ ಎಲ್ಲರಿಗೂ ಹುಳ ಸಾಕುವುದು ಹೇಗೆಂದು ಹೇಳುತ್ತಾನೆ.

ಹಿಂದಿನ ಬೆಳೆ ಕೆಟ್ಟಿತು. ಹುಳ ಚೆನ್ನಾಗಿಯೇ ಬೆಳೆದಿದ್ದವು. ಗೂಡು ಕಟ್ಟುವ ಹೊತ್ತಿಗೆ ಮೋಡ ಮುಚ್ಚಿಕೊಂಡು, ಗಾಳಿ ನಿಂತು, ಒಳಗೆಲ್ಲ ಸೆಕೆ. ಹುಳ ಗೂಡು ಕಟ್ಟುವಾಗ ಗಾಳಿ ಆಡಬೇಕು, ಇಲ್ಲದಿದ್ದರೆ ಗೂಡಿನೊಳಗೇ ಕೊಳೆಯುತ್ತವೆ. ನಮ್ಮ ಹುಳದ ಮನೆಗೆ ಕರೆಂಟಿಲ್ಲ. ಮೋಟಾರಿನ ಲೈನು ಹಗಲು ಬಂದು ಹಗಲೇ ಹೋಗುತ್ತದೆ, ಅದರಲ್ಲಿ ಫ್ಯಾನು ತಿರುಗುವುದಿಲ್ಲ. ಗೂಡು ಬಿಡಿಸಿ ನೋಡಿದರೆ ಅರ್ಧಕ್ಕರ್ಧ ಕಪ್ಪು.

ಬೊಮ್ಮಣ್ಣ ಜಗುಲಿ ಮೇಲೆ ಕೂತು ತೀರ್ಪು ಕೊಟ್ಟ. "ಸಾಕು ಕಣೇ ಈ ಹುಳದ ಸಾವಾಸ. ತೋಟ ಕಿತ್ತಾಕಿ ದಾಳಿಂಬೆ ಇಡಾನ. ದಾಳಿಂಬೆ ಬಗ್ಗೆ ನಂಗೆಲ್ಲಾ ಗೊತ್ತು."

ಆ ಒಂದೊಂದು ಗಿಡದ ಬುಡವನ್ನೂ ನಾನು ಕೈಯಿಂದ ಕೆದಕಿದ್ದೇನೆ. ಆ ಮನೆಯಲ್ಲಿ ನನ್ನದು ಅಂತ ಹೇಳಿಕೊಳ್ಳುವುದು ಬೇರೆ ಏನಿತ್ತು? "ಇನ್ನೊಂದೇ ಒಂದು ಬೆಳೆ" ಎಂದೆ. "ಸೋಲಾರ್ ಹಾಕ್ಸಿ ಎಲ್ಡು ಫ್ಯಾನ್ ಕೊಡು. ಈ ಬೆಳೆ ಏಳ್ಲಿಲ್ಲ ಅಂದ್ರೆ ನಾನೇ ನಿಂತು ಕೀಳಿಸ್ತೀನಿ."

ನನ್ನ ಅತ್ತೆ ಪಾಲಮ್ಮ ಎಲೆ ಅಡಿಕೆ ಕುಟ್ಟುತ್ತಾ ಕೂತಿದ್ದಳು. "ಮಾತಂದ್ರೆ ಮಾತು. ನಾನು ಕೇಳಿಸ್ಕೊಂಡಿವ್ನಿ" ಎಂದಳು. ಹಾಗೆ ಒಪ್ಪಂದವಾಯಿತು. ಬೆಳೆ ಎದ್ದರೆ ತೋಟ ಉಳಿಯುತ್ತದೆ, ಬಿದ್ದರೆ ತೋಟ ಹೋಗುತ್ತದೆ.

ಪ್ಯಾನಲ್ಲು ಆಟೋದಲ್ಲಿ ಬಂತು. ಬ್ಯಾಟರಿಯನ್ನು ಮಾತ್ರ ಬೊಮ್ಮಣ್ಣ ತಾನೇ ಹಿಂದೂಪುರಕ್ಕೆ ಹೋಗಿ ತಂದ, ಅಂಗಡಿಯವರು ಸುಮ್ಮನೆ ಯಾವುದೋ ಹಳೇದು ಕಳಿಸುತ್ತಾರೆ, ತನಗೆ ಗೊತ್ತು ಎಂದು. ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟಿನಲ್ಲಿ ಅದನ್ನು ಕೂರಿಸಿಕೊಂಡು ಬಂದನಂತೆ. ಕಂಡಕ್ಟರು ಅದಕ್ಕೂ ಟಿಕೆಟ್ಟು ಕೇಳಿದನಂತೆ. ಊರ ಗೇಟಿನಲ್ಲಿ ಇಳಿದು, ಟವೆಲನ್ನು ಸಿಂಬೆ ಮಾಡಿ, ಇನ್ನೊಬ್ಬನ ಕೈಯಲ್ಲಿ ಎತ್ತಿಸಿಕೊಂಡು, ನೀರಿನ ಕೊಡ ಹೊತ್ತಂತೆ ತಲೆಯ ಮೇಲೆ ಹೊತ್ತು ನಡೆದ. ಒಬ್ಬ ಮನುಷ್ಯನ ಭಾರ ಇತ್ತು ಅದು. ಕತ್ತು ಮೂರು ದಿನ ಒಂದೇ ಕಡೆಗೆ ನೋಡುತ್ತಿತ್ತು. ಆ ಟವೆಲನ್ನು ನಾನು ಒಗೆದೆ. ಒಗೆದು ಝಾಡಿಸಿದರೆ ಸಜ್ಜೆ ಜರಡಿಯ ಹಾಗೆ ತೂತು ತೂತು.

"ಟವೆಲ್ಲು ಕಳಪೆ" ಎಂದ ಬೊಮ್ಮಣ್ಣ.

ಕೂರಿಸಲು ಮಡಕಶಿರಾದಿಂದ ಸುನೀಲ್ ಎಂಬ ಹುಡುಗ ಬಂದ. ಒಳ್ಳೆಯ ಕೆಲಸಗಾರನೇ, ಆದರೆ ಅವನ ಒಂದು ಕಿವಿ ಯಾವಾಗಲೂ ಫೋನಿಗೆ ಅಂಟಿಕೊಂಡಿರುತ್ತದೆ. ಅರ್ಧ ಮಾತು ನಮಗೆ, ಅರ್ಧ ಮಾತು ತೆಲುಗಿನಲ್ಲಿ ಇನ್ಯಾರಿಗೋ. ಟವೆಲ್ಲಿನ ಕಥೆ ಕೇಳಿ ನಕ್ಕ. "ಆಸಿಡ್ಡಣ್ಣ ಅದು. ತಲೆ ಮ್ಯಾಲೆ ಹೊತ್ಕಂಡು ಬಂದ್ರಾ? ಕಣ್ಣಿಗೆ ಬಿದ್ದಿದ್ರೆ ಗೊತ್ತಾಗಿರೋದು. ಇಬ್ರು ಹಿಡ್ದು, ನೆಟ್ಟಗೆ, ಸೊಂಟದ ಮಟ್ಟದಾಗೆ ತರ್ಬೇಕು."

"ಗೊತ್ತು, ಗೊತ್ತು" ಎಂದ ಬೊಮ್ಮಣ್ಣ.

ಹುಳದ ಮನೆಗೆ ಅಂಟಿಕೊಂಡು ಒಂದು ಸಣ್ಣ ಕೋಣೆ ಇದೆ. ಕೊಯ್ದ ಸೊಪ್ಪನ್ನು ಒದ್ದೆ ಗೋಣಿ ಹೊದಿಸಿ ಅಲ್ಲಿ ಇಡುತ್ತೇವೆ. ಸೊಪ್ಪಿನ ಹೊರೆ ತರಲು ಹೊರಗಿನಿಂದ ಒಂದು ಬಾಗಿಲು, ಅಲ್ಲಿಂದ ಹುಳದ ಮನೆಯೊಳಕ್ಕೆ ಇನ್ನೊಂದು ಬಾಗಿಲು. ಬ್ಯಾಟರಿಯನ್ನು ಅಲ್ಲೇ ಇಡಬೇಕೆಂದು ಬೊಮ್ಮಣ್ಣ ಹಟ ಹಿಡಿದ.

ಸುನೀಲ್ ಬೇಡವೆಂದ. "ಹೊರಗಡೆ ಗೋಡೆಗೆ ಒಂದು ಗೂಡು ಕಟ್ಸಣ್ಣ, ಗಾಳಿ ಆಡಂಗೆ. ಚಾರ್ಜ್ ಆಗುವಾಗ ಇದ್ರಾಗಿಂದ ಗ್ಯಾಸ್ ಬರ್ತೈತೆ."

"ಹೊರಗಿಟ್ರೆ ಕಳ್ರು ಬಿಡ್ತಾರಾ? ಮೊನ್ನೆ ಪಕ್ಕದ್ ತೋಟದ ಸೂರಪ್ಪನ ಮೋಟಾರ್ ಕೇಬಲ್ಲೇ ಕುಯ್ಕಂಡು ಹೋದ್ರು."

"ಒಗ್ಗರಣೆ ವಾಸನೆ ಬಂದ್ರೆ ಹುಳ ಸೊಪ್ಪು ಮುಟ್ಟಲ್ಲ" ಎಂದು ನಾನು ನಡುವೆ ಬಾಯಿ ಹಾಕಿದೆ. "ನಿನ್ನ ಗ್ಯಾಸು ಕುಡೀತವಾ?"

"ನಿನ್ಗೆ ಗೊತ್ತಾಗಲ್ಲ ಸುಮ್ನಿರು."

ಬ್ಯಾಟರಿ ಸೊಪ್ಪಿನ ಕೋಣೆಯಲ್ಲಿ ಕೂತಿತು, ಸೊಪ್ಪು ಹುಳದ ಮನೆಯ ಜಗುಲಿಗೆ ಬಂತು. ಹೊರಬಾಗಿಲಿಗೆ ಬೊಮ್ಮಣ್ಣ ಕಬ್ಬಿಣದ ತಗಡು ಹೊಡೆಸಿ, ಒಳಗಿನಿಂದ ದಪ್ಪ ಅಗುಳಿ ಹಾಕಿಸಿದ. ಇದ್ದ ಒಂದು ಕಿಟಕಿಗೆ ಊಜಿ ನೊಣ ಬರುತ್ತದೆಂದು ಪ್ಲಾಸ್ಟಿಕ್ಕು ಕಟ್ಟಿದ. ಊಜಿ ನೊಣ ಹುಳದ ಮೈ ಮೇಲೆ ಮೊಟ್ಟೆ ಇಟ್ಟರೆ ಹುಳ ಕೆಟ್ಟಿತು ಎನ್ನುವುದು ನಿಜವೇ. ಆದರೆ ಆ ಕೋಣೆಯಲ್ಲಿ ಹುಳವೇ ಇರಲಿಲ್ಲ.

ಸುನೀಲ್ ಹೇಳಬೇಕಾದ್ದನ್ನೆಲ್ಲ ಹೇಳಿದ, ಫೋನಿನ ನಡುನಡುವೆ. ಹತ್ತಿರ ಬೆಂಕಿ ಬೇಡ. ಎರಡು ತುದಿಗೂ ಒಟ್ಟಿಗೆ ಕಬ್ಬಿಣ ತಾಗಿಸಬೇಡಿ. ಬಿಚ್ಚುವುದಿದ್ದರೆ ಮೊದಲು ಪ್ಯಾನಲ್ಲಿಗೆ ಟಾರ್ಪಾಲು ಮುಚ್ಚಿ, ಆಮೇಲೆ ಕಪ್ಪು ವೈರು ಮೊದಲು. ಡಿಸ್ಟಿಲ್ಡ್ ವಾಟರ್ ಬಿಟ್ಟು ಬೇರೆ ನೀರು ಹಾಕಬೇಡಿ, ಅದೂ ಗೆರೆಯವರೆಗೆ ಮಾತ್ರ. "ಆಸಿಡ್ ಚೆಲ್ಲಿದ್ರೆ ನೀವೇನೂ ಹುಡ್ಕಬೇಕಾಗಿಲ್ಲ, ರೇಷ್ಮೆ ಮನೆಯೋರು. ಸುಣ್ಣ ಐತಲ್ಲ, ಅಲ್ಲೇ, ಉದುರ್ಸಿ" ಎಂದು ಗದ್ದವನ್ನು ಮೂಲೆಯ ಕಡೆ ಎತ್ತಿದ. ಅಷ್ಟರಲ್ಲಿ ಫೋನು ಬಂತು, "ಆಁ, ಚೆಪ್ಪು ಚೆಪ್ಪು" ಎಂದು ತೆಲುಗಿನಲ್ಲಿ ಮಾತಾಡುತ್ತಾ ಆಚೆ ಹೋದ.

ಮೂಲೆಯಲ್ಲಿ ಎರಡು ಚೀಲಗಳಿದ್ದವು. ಎರಡೂ ಬಿಳಿ ಚೀಲ, ಎರಡರೊಳಗೂ ಬಿಳಿ ಪುಡಿ. ಒಂದು ಸುಣ್ಣ. ಹುಳ ಪೊರೆ ಬಿಡಲು ಮಲಗಿದಾಗ ಅವುಗಳ ಮೇಲೆ ತೆಳ್ಳಗೆ ಉದುರಿಸುವುದು ಅದನ್ನೇ. ಇನ್ನೊಂದು ಬ್ಲೀಚಿಂಗ್ ಪೌಡರ್. ಬೆಳೆ ಎತ್ತಿದ ಮೇಲೆ ಹುಳದ ಮನೆ ತೊಳೆಯಲು, ಬಾಗಿಲಲ್ಲಿ ಕಾಲು ಅದ್ದುವ ನೀರಿಗೆ ಬೆರೆಸಲು. ಯಾವುದು ಯಾವುದೆಂದು ನನಗೆ ಕತ್ತಲಲ್ಲೂ ಗೊತ್ತು, ಮೂಗಿಗೇ ಗೊತ್ತಾಗುತ್ತದೆ. ಬೊಮ್ಮಣ್ಣ "ಗೊತ್ತು, ಗೊತ್ತು" ಎಂದ.

ಬೆಳೆ ಎದ್ದಿತು ನೋಡಿ. ಅಂಥ ಬೆಳೆಯನ್ನು ನಾನು ಕಂಡಿಲ್ಲ. ಒಂದನೇ ಜ್ವರ, ಎರಡನೇ ಜ್ವರ ಎಂದು ಹುಳ ನಾಲ್ಕು ಸಲ ಮಲಗಿ ಪೊರೆ ಬಿಡುತ್ತವೆ. ನಾಲ್ಕಕ್ಕೂ ಒಂದೇ ಸಮ ಮಲಗಿ ಒಂದೇ ಸಮ ಎದ್ದವು. ಸೊಪ್ಪು ಹಾಕಿದರೆ ಒಳಗೆ ಮಳೆ ಬಿದ್ದ ಹಾಗೆ ಸದ್ದು. ಮೇಲೆ ಫ್ಯಾನು ಸಣ್ಣಗೆ ತಿರುಗುತ್ತಿದ್ದರೆ ನನಗೆ ಅಲ್ಲೇ ಚಾಪೆ ಹಾಸಿ ಮಲಗೋಣ ಅನ್ನಿಸುತ್ತಿತ್ತು. ಸುಳ್ಳು ಹೇಳುವುದಿಲ್ಲ, ಬ್ಯಾಟರಿಗೆ ಮನಸ್ಸಿನಲ್ಲೇ ಒಂದು ನಮಸ್ಕಾರ ಹಾಕಿದ್ದೆ.

ಹುಳ ಹಣ್ಣಾಗುವ ದಿನ ಬಂದರೆ ಹೆಂಗಸರ ಕೈ ಎಷ್ಟಿದ್ದರೂ ಸಾಲದು. ಮೈ ಹಳದಿಯಾಗಿ, ಸೊಪ್ಪು ಬಿಟ್ಟು ತಲೆಯೆತ್ತಿದ ಹುಳವನ್ನು ಒಂದೊಂದಾಗಿ ಆಯ್ದು ಚಂದ್ರಿಕೆಗೆ ಬಿಡಬೇಕು. ಚಂದ್ರಿಕೆ ಎಂದರೆ ಬಿದಿರಿನ ಅಗಲ ತಟ್ಟಿ, ಅದರಲ್ಲಿ ಹುಳ ಗೂಡು ಕಟ್ಟುತ್ತವೆ. ಆ ಕೆಲಸಕ್ಕೆಂದೇ ನನ್ನ ಅಕ್ಕ ಪುಟ್ಟಕ್ಕನನ್ನು ಕರೆಸಿಕೊಂಡಿದ್ದೆ. ಅವಳನ್ನು ರಾಯದುರ್ಗದ ಕಡೆ ಗುಮ್ಮಘಟ್ಟಕ್ಕೆ ಕೊಟ್ಟಿದ್ದಾರೆ, ಕುರಿ ಮನೆ. ಇಲ್ಲೇ ಹುಟ್ಟಿದವಳು, ಅಲ್ಲಿ ಹೋಗಿ ಮಾತಿಗೊಂದು "ರಿ" ಅಂಟಿಸಿಕೊಂಡು ಬಂದಿದ್ದಾಳೆ.

"ಏನ್ರಿ ಬೊಮ್ಮಣ್ಣಾರ, ನಿಮ್ಮ ಬ್ಯಾಟ್ರಿ ಭಾಳ ಚಲೋ ಐತ್ರಿ" ಎಂದು ಬೊಮ್ಮಣ್ಣನನ್ನು ಕೆಣಕಿದಳು. "ನಮ್ಮ ಕುರಿ ಹಟ್ಟಿಗೂ ಒಂದು ಹಾಕಿಸ್ರಿ."

ಬೊಮ್ಮಣ್ಣ ಉಬ್ಬಿದ. "ಬ್ಯಾಟ್ರಿ ಅಂದ್ರೆ ಹಸು ಇದ್ದಂಗೆ ಪುಟ್ಟಕ್ಕ. ನೀರು ಕುಡಿಸಿದಷ್ಟೂ ಕೊಡ್ತೈತೆ" ಎಂದ. ಅವನು ಮುಂಜಾನೆಯೇ ಹೋಗಿ ಬ್ಯಾಟರಿಯ ಆರೂ ಬಾಯಿಗೆ ಡಿಸ್ಟಿಲ್ಡ್ ವಾಟರನ್ನು ಕಂಠಪೂರ್ತಿ ತುಂಬಿಸಿ ಬಂದಿದ್ದ. ಗೂಡು ಕಟ್ಟುವಾಗ ಫ್ಯಾನು ನಿಧಾನ ಆಗಬಾರದಲ್ಲ, ಅದಕ್ಕೆ.

"ಗೆರೆವರ್ಗೂ ಅಂತ ಆ ಹುಡುಗ ಹೇಳಿದ್ನಲ್ಲ" ಎಂದೆ.

"ತುಂಬಿದ ಕೊಡ ತುಳ್ಕಲ್ಲ ಕಣೇ."

ಕೊಡವನ್ನು ಯಾರೂ ಚಾರ್ಜಿಗೆ ಹಾಕುವುದಿಲ್ಲ. ಅಂದು ಬಿಸಿಲು ಕಾದ ಹಂಚು. ಹೊತ್ತು ಏರಿದಂತೆ ಬ್ಯಾಟರಿ ಕಾದು, ಒಳಗೆ ಗುಳುಗುಳು ಎಂದು, ಆರು ಬಾಯಿಂದಲೂ ಉಕ್ಕಿ ಸುರಿಯಿತು. ಬೊಮ್ಮಣ್ಣ ಅದನ್ನು ನೋಡಿದವನು ನಮಗೆ ಹೇಳಲಿಲ್ಲ. ಹೆಂಡತಿ ಗೆರೆ ಎಂದಿದ್ದಳು, ಅವಳ ಅಕ್ಕನ ಎದುರಿಗೆ ಬೇರೆ. ಮುಂಜಾನೆ ತೆಗೆದೇ ಇಟ್ಟಿದ್ದ ಹೊರಬಾಗಿಲಿನಿಂದ ಸೊಪ್ಪಿನ ಕೋಣೆಗೆ ಹೋಗಿ, ಅಗುಳಿ ಹಾಕಿಕೊಂಡು, ಸುನೀಲ್ ಹೇಳಿದ್ದನ್ನು ನೆನಪಿಸಿಕೊಂಡ. ಆಸಿಡ್ ಚೆಲ್ಲಿದರೆ ಬಿಳಿ ಪುಡಿ. ಮೂಲೆಗೆ ಹೋದ, ಹತ್ತಿರವಿದ್ದ ಚೀಲ ಬಿಚ್ಚಿದ, ಮೊರದ ತುಂಬ ತುಂಬಿಕೊಂಡು ಬಂದು ಸುರಿದ. ಸಾಲದೆಂದು ಇನ್ನೊಂದು ಮೊರ ಸುರಿದ. ಅದು ಬ್ಲೀಚಿಂಗ್ ಪೌಡರ್.

ಒಳಗೆ ನಾನು ಮತ್ತು ಪುಟ್ಟಕ್ಕ ಹುಳ ಆಯುತ್ತಿದ್ದೆವು. ಅತ್ತೆ ಚಂದ್ರಿಕೆ ಜೋಡಿಸುತ್ತಿದ್ದಳು. ನನಗೆ ವಾಸನೆ ಬಂತು. ನಾನು ವರ್ಷವಿಡೀ ಮೂಸುವ ಬ್ಲೀಚಿಂಗಿನದೇ, ಆದರೆ ಕಾರದ ಪುಡಿ ಬೆರೆಸಿ ಮೂಗಿಗೆ ಊದಿದ ಹಾಗೆ. ಪಕ್ಕದ ಕೋಣೆಯಲ್ಲಿ ಕೆಮ್ಮು ಕೇಳಿತು. ಆಮೇಲೆ ಏನೋ ಬಿದ್ದ ಸದ್ದು.

ಹೊರಗೆ ಓಡಿದೆ. ತಗಡಿನ ಬಾಗಿಲನ್ನು ಗುದ್ದಿದೆ. "ಲೇ, ಅಗುಳಿ ತೆಗಿ! ತೆಗಿ ಅಂದ್ರೆ!" ಒಳಗಿಂದ ಕೆಮ್ಮು ಬಿಟ್ಟರೆ ಬೇರೆ ಇಲ್ಲ. ಬಾಗಿಲ ಸಂದಿಯಿಂದ ಹಳದಿ ಹಸಿರು ಹೊಗೆ ನೆಲ ಹಿಡಿದು ಹೊರಬರುತ್ತಿತ್ತು. ಕಣ್ಣು ಉರಿದು ನೀರು ಸುರಿಯಿತು. ಕಳ್ಳರಿಗೆಂದು ಹೊಡೆಸಿದ ತಗಡು, ಒಂದು ಇಂಚೂ ಅಲ್ಲಾಡಲಿಲ್ಲ.

ಉಳಿದದ್ದು ಒಳಬಾಗಿಲು. ಅದರ ಚಿಲಕ ಹುಳದ ಮನೆಯ ಕಡೆಗೆ ಇದೆ. ಅದನ್ನು ತೆಗೆದರೆ ಬೊಮ್ಮಣ್ಣ ಸಿಗುತ್ತಾನೆ, ಹೊಗೆಯೂ ಬರುತ್ತದೆ. ಅದರ ಎದುರಿಗೇ ರ್‍ಯಾಕುಗಳು, ಕೆಳಗಿನ ಅಂತಸ್ತಿನಿಂದ ಮೇಲಿನವರೆಗೆ ಹಣ್ಣಾಗಲು ಕಾದ ಹುಳ. ಹೊಗೆಸೊಪ್ಪು ಹಾಕಿದ ಕೈ ಮುಟ್ಟಿದರೆ ಸಾಯುವ ಪ್ರಾಣಿ ಅದು. ಈ ವಿಷಕ್ಕೆ ಉಳಿಯುತ್ತದೆಯೇ?

ನಾನು ಚಿಲಕ ಹಿಡಿದು ನಿಂತೆ. ಹೌದು, ನಿಂತೆ. ಸುಳ್ಳು ಯಾಕೆ ಹೇಳಲಿ? ಹುಳದ ಕಡೆ ನೋಡಿದೆ, ಬಾಗಿಲ ಕಡೆ ನೋಡಿದೆ. ಇವನು ನನ್ನ ತೋಟ ಕೀಳುತ್ತೇನೆ ಎಂದವನು, ಈಗ ನನ್ನ ಕೈಯಿಂದಲೇ ಕೀಳಿಸುತ್ತಿದ್ದಾನೆ ಎಂದುಕೊಂಡೆ. "ನಿನ್ನ ಗೊತ್ತು ಗೊತ್ತಿಗೆ ಮಣ್ಣಾಕ!" ಎಂದು ಕಿರುಚಿ ಚಿಲಕ ತೆಗೆದೆ.

ಸೊಪ್ಪಿನ ಮೇಲೆ ಹೊದಿಸಿದ್ದ ಒದ್ದೆ ಗೋಣಿಯನ್ನು ಪುಟ್ಟಕ್ಕ ಅಷ್ಟರಲ್ಲಿ ಜಗುಲಿಯಿಂದ ತಂದಿದ್ದಳು. ಮುಖಕ್ಕೆ ಸುತ್ತಿಕೊಂಡು ನುಗ್ಗಿದೆ. ಬೊಮ್ಮಣ್ಣ ಬ್ಯಾಟರಿ ಪಕ್ಕ ಮಂಡಿಯೂರಿ ಬಿದ್ದಿದ್ದ, ಕೈಯಲ್ಲಿ ಇನ್ನೂ ಮೊರ. ಬಿಡಲಿಲ್ಲ ಆ ಮೊರವನ್ನು. ಅಕ್ಕ ಕಾಲು ಹಿಡಿದಳು, ನಾನು ಕಂಕುಳು ಹಿಡಿದೆ. ಹುಳದ ಮನೆಯ ನಡುವೆ, ರ್‍ಯಾಕುಗಳ ಸಂದಿಯಲ್ಲಿ, ಹೊಗೆ ನಮ್ಮ ಹಿಂದೆ ಬರುತ್ತಿದ್ದಂತೆಯೇ ಅವನನ್ನು ಎಳೆದುಕೊಂಡು ಹೋಗಿ ಹೊರಗೆ ಗಾಳಿ ಬೀಸುವ ಕಡೆ ಹಾಕಿದೆವು. ಕೊಡದ ನೀರನ್ನು ಮುಖದ ಮೇಲೆ, ಕಣ್ಣಿನ ಮೇಲೆ ಸುರಿದೆ, ಸುರಿಯುತ್ತಲೇ ಇದ್ದೆ. ಕೆಮ್ಮುತ್ತಿದ್ದ, ಸೀಟಿ ಊದಿದಂತೆ ಉಸಿರು ಎಳೆಯುತ್ತಿದ್ದ.

ಅತ್ತೆ ಬಂದು ಬಗ್ಗಿ ನೋಡಿದಳು. ಹೆತ್ತ ತಾಯಿ, ಈಗ ಎದೆ ಬಡಿದುಕೊಳ್ಳುತ್ತಾಳೆ ಎಂದು ನಾನು ಕಾದೆ.

"ಉಸ್ರಾಡ್ತಾವ್ನೆ" ಎಂದಳು ಪಾಲಮ್ಮ. "ಚಂದ್ರಿಕೆ ಎತ್ರೇ!"

ಸೆರಗನ್ನು ನೀರಿಗೆ ಅದ್ದಿ ಮೂಗಿಗೆ ಕಟ್ಟಿ, ಆ ಮುದುಕಿ ಹುಳದ ಮನೆಗೆ ನುಗ್ಗಿದಳು. ಪುಟ್ಟಕ್ಕ ಹಿಂದೆ ಓಡಿದಳು, "ಅತ್ತಿ, ನಿಮಗ ಹುಚ್ಚು ಹಿಡದೈತೇನ್ರಿ!" ಎನ್ನುತ್ತಾ. ಆ ಹೊತ್ತಿಗೆ ತುಂಬಿದ್ದ ಚಂದ್ರಿಕೆಗಳು ಆಚೆ ತುದಿಯ ಗೋಡೆಗಿದ್ದವು, ಹೊಗೆ ಇನ್ನೂ ಅಲ್ಲಿಗೆ ಮುಟ್ಟಿರಲಿಲ್ಲ. ಇಬ್ಬರೂ ಸೇರಿ ಕೈಗೆ ಸಿಕ್ಕಷ್ಟನ್ನು ಹೊತ್ತು ಹುಣಸೆ ಮರದ ನೆರಳಿಗೆ ತಂದು ನಿಲ್ಲಿಸಿದರು. ನಾನು ಬೊಮ್ಮಣ್ಣನ ತಲೆಯನ್ನು ತೊಡೆ ಮೇಲಿಟ್ಟುಕೊಂಡು 108ಕ್ಕೆ ಫೋನು ಮಾಡುತ್ತಿದ್ದೆ. ಮೂರನೇ ಸಲ ಒಳಗೆ ಹೊರಟ ಅತ್ತೆಯನ್ನು ಪುಟ್ಟಕ್ಕ ಸೊಂಟ ಹಿಡಿದು ನಿಲ್ಲಿಸಬೇಕಾಯಿತು.

ರ್‍ಯಾಕಿನಲ್ಲಿದ್ದ ಹುಳ ಒಂದೂ ಉಳಿಯಲಿಲ್ಲ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುತ್ತಾರಲ್ಲ, ಅಷ್ಟೇ. ಬೊಮ್ಮಣ್ಣನನ್ನು ಆಸ್ಪತ್ರೆಗೆ ಸೇರಿಸಿ ಸಂಜೆ ಬಂದು ನೋಡಿದಾಗ ತಲೆಯೆತ್ತಿಕೊಂಡೇ ಸತ್ತಿದ್ದವು, ಗೂಡು ಕಟ್ಟಲು ಜಾಗ ಹುಡುಕುವಂತೆ. ಅಲ್ಲೇ ಕೂತು ಬಾಯಿ ಬಿಟ್ಟು ಅತ್ತುಬಿಟ್ಟೆ.

ಸುನೀಲನಿಗೆ ಹೇಳಿ ಕಳಿಸಿದ್ದೆ. ಬಂದ, ಈ ಸಲ ಫೋನು ಜೇಬಿನಲ್ಲೇ ಇಟ್ಟುಕೊಂಡ. ಪ್ಯಾನಲ್ಲಿಗೆ ಟಾರ್ಪಾಲು ಮುಚ್ಚಿದ. ಎಲ್ಲ ಬಾಗಿಲು ಕಿಟಕಿ ತೆರೆದು, ಹೊಗೆ ಪೂರ್ತಿ ಹೋಗುವವರೆಗೆ ಯಾರನ್ನೂ ಒಳಗೆ ಬಿಡಲಿಲ್ಲ. ರಬ್ಬರ್ ಗ್ಲೌಸು, ಕನ್ನಡಕ ಹಾಕಿಕೊಂಡು ಕಪ್ಪು ವೈರು ಬಿಚ್ಚಿ, ಕೆಂಪು ಬಿಚ್ಚಿ, ಬ್ಲೀಚಿಂಗ್ ಚೀಲವನ್ನು ದೂರ ಸಾಗಿಸಿ, ನೆಲವನ್ನೆಲ್ಲ ಕೊಡಗಟ್ಟಲೆ ನೀರು ಹುಯ್ದು ತೊಳೆದು, ಕಡೆಗೆ ಸುಣ್ಣ ಹಾಕಿದ. "ನಾನು ಸುಣ್ಣ ಅಂತಾನೆ ಹೇಳಿದ್ನಲ್ಲಕ್ಕ" ಎಂದ, ಅಳುವ ಮುಖ ಮಾಡಿ.

"ಹೇಳಿದ್ದೆ" ಎಂದೆ. ಅವನನ್ನು ಬೈದು ಏನು ಮಾಡಲಿ? ರೇಷ್ಮೆ ಮನೆಯ ಯಜಮಾನನಿಗೆ ಸುಣ್ಣ ಯಾವುದು, ಬ್ಲೀಚಿಂಗ್ ಯಾವುದು ಎಂದು ಗೊತ್ತಿರುತ್ತದೆ ಎಂದು ಅವನು ತಿಳಿದಿದ್ದ. ಯಾರಾದರೂ ಹಾಗೇ ತಿಳಿಯುತ್ತಾರೆ. ಅಷ್ಟು ವರ್ಷ ಆ ಚೀಲಗಳ ಪಕ್ಕದಲ್ಲಿ ಓಡಾಡಿದ ನನ್ನ ಗಂಡ ಒಂದು ದಿನವೂ ಅವುಗಳ ಬಾಯಿ ಬಿಚ್ಚಿರಲಿಲ್ಲ. ನನಗೆ ಸಿಟ್ಟು ಬಂದದ್ದು ಹುಳ ಸತ್ತದ್ದಕ್ಕಿಂತ ಇದಕ್ಕೇ ಹೆಚ್ಚು.

ಮಡಕಶಿರಾ ಆಸ್ಪತ್ರೆಯಲ್ಲಿ ಹೋದೊಡನೆ ಮೂಗಿಗೆ ಆಕ್ಸಿಜನ್ ಇಟ್ಟಿದ್ದರು. ಡಾಕ್ಟರಮ್ಮ ತೆಲುಗಿನವರು. "ಏಮೈಂದಮ್ಮಾ?" ಎಂದು, ಏನಾಯಿತೆಂದು ಕೇಳಿದರು. ನಾನು ಬ್ಯಾಟರಿ, ಬ್ಲೀಚಿಂಗು ಎಂದೆ. ಅವರು ಬರೆಯುವುದನ್ನು ನಿಲ್ಲಿಸಿ ಬೊಮ್ಮಣ್ಣನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. ಜೀವಕ್ಕೆ ಅಪಾಯವಿಲ್ಲ, ಗಂಟಲು ಸುಟ್ಟಿದೆ, ಕೆಲವು ದಿನ ಒಂದು ಮಾತೂ ಆಡಬಾರದು ಎಂದರು.

"ಒಂದೂನಾ?" ಎಂದಳು ಪಾಲಮ್ಮ.

"ಒಂದೂ ಆಡಬಾರದು."

ಅತ್ತೆ ನನ್ನ ಮುಖ ನೋಡಿದಳು. ನಾನು ಅತ್ತೆಯ ಮುಖ ನೋಡಿದೆ.

ಬೊಮ್ಮಣ್ಣ ಮೂರು ದಿನ ಆ ಮಂಚದ ಮೇಲಿದ್ದ. ಪಕ್ಕದ ಮಂಚದವನ ಮಾತ್ರೆ ತಪ್ಪಾಗಿದೆ ಎಂದು ಅವನ ಕಣ್ಣು ಹೇಳುತ್ತಿತ್ತು, ಬಾಯಿ ಸುಮ್ಮನಿತ್ತು. ಎರಡನೇ ದಿನ ನನ್ನ ಕೈ ಹಿಡಿದುಕೊಂಡು, ತೋರುಬೆರಳನ್ನು ಹುಳದ ಹಾಗೆ ಆಡಿಸಿ, ಹುಬ್ಬೆತ್ತಿ ಕೇಳಿದ.

"ಹೋದ್ವು" ಎಂದೆ.

ಆಮೇಲೆ ಚಿಲಕ ಎಳೆದಂತೆ ಕೈ ಮಾಡಿ, ನನ್ನ ಕಡೆ ಬೆರಳು ತೋರಿಸಿದ.

"ಹೂಂ. ನಾನೇ ತೆಗ್ದೆ. ಹೊರಬಾಗ್ಲಿಗೆ ತಗಡು ಹೊಡ್ಸಿದ್ದಲ್ಲ, ಇನ್ನೆಲ್ಲಿಂದ ತೆಗೀಲಿ? ಹುಳದ ಮ್ಯಾಲೇ ತೆಗ್ದೆ."

ಅವನು ಗೋಡೆಯ ಕಡೆ ತಿರುಗಿ ಮಲಗಿದ. ಭುಜ ಅಲ್ಲಾಡುತ್ತಿತ್ತು. ಕೆಮ್ಮಿರಬೇಕು ಎಂದುಕೊಂಡೆ. ಕೆಮ್ಮಾಗಿರಲಿಲ್ಲ.

ಮನೆಗೆ ಬಂದೆವು. ಅತ್ತೆ ಮತ್ತು ಅಕ್ಕ ಹೊರಗೆ ತಂದ ಚಂದ್ರಿಕೆಗಳಲ್ಲಿ ಹುಳ ಗೂಡು ಕಟ್ಟಿದ್ದವು. ಹುಣಸೆ ಮರದ ಗಾಳಿಗೆ, ಫ್ಯಾನಿನ ಹಂಗಿಲ್ಲದೆ, ಗಟ್ಟಿಯಾದ ಗೂಡು. ಆದರೆ ಎಷ್ಟು? ಒಂದು ಬುಟ್ಟಿಗೆ ಹೆಚ್ಚು, ಎರಡಕ್ಕೆ ಕಡಿಮೆ. ಇದನ್ನು ಬೆಳೆ ಎದ್ದಿತು ಎಂದು ಯಾವ ಬಾಯಲ್ಲಿ ಹೇಳಲಿ? ನಾನೇ ಆಡಿದ ಮಾತು, ಅತ್ತೆ ಕೇಳಿಸಿಕೊಂಡ ಮಾತು. ನಾನು ಆ ಗೂಡು ಬಿಡಿಸುತ್ತಾ ಒಳಗೊಳಗೇ ತೋಟದ ಒಂದೊಂದು ಸಾಲಿಗೂ ಹೋಗಿ ಬರುತ್ತೇನೆಂದು ಹೇಳುತ್ತಿದ್ದೆ. ಬೊಮ್ಮಣ್ಣ ಜಗುಲಿಯ ಮಂಚದ ಮೇಲೆ ಮಲಗಿ ನನ್ನನ್ನೇ ನೋಡುತ್ತಿದ್ದ. ಮಾತಾಡಲು ಡಾಕ್ಟರಮ್ಮ ಕೊಟ್ಟ ಗಡುವು ಮುಗಿದಿತ್ತು, ಆದರೂ ಅವನು ಬಾಯಿ ತೆರೆದಿರಲಿಲ್ಲ. ಮನೆ ಎಷ್ಟು ನಿಶ್ಶಬ್ದವಾಗಿತ್ತೆಂದರೆ ನನಗೆ ಭಯವಾಗುತ್ತಿತ್ತು.

ಪುಟ್ಟಕ್ಕ ಊರಿಗೆ ಹೊರಟ ಬೆಳಗ್ಗೆ, ಬಾಡಿಗೆಗೆ ಉಳುವ ಮಾರೇಶ ಟ್ರ್ಯಾಕ್ಟರ್ ತೆಗೆದುಕೊಂಡು ಬಂದ. ಹಿಂದಿನ ಬೆಳೆ ಕೆಟ್ಟಾಗಲೇ ಬೊಮ್ಮಣ್ಣ ಅವನಿಗೆ ಹೇಳಿಟ್ಟಿದ್ದನಂತೆ, ಈ ಬೆಳೆ ಬಿದ್ದರೆ ಬಂದುಬಿಡು ಎಂದು. ಊರಲ್ಲಿ ಸುದ್ದಿ ಕೇಳಿ ಅವನಾಗಿಯೇ ಬಂದಿದ್ದ. ನೇಗಿಲ ಕಬ್ಬಿಣ ಹೊಸದಾಗಿ ಹೊಳೆಯುತ್ತಿತ್ತು. ಇಂಜಿನ್ ನಿಲ್ಲಿಸದೆ ಅಲ್ಲಿಂದಲೇ ಕೂಗಿದ. "ಬೊಮ್ಮಣ್ಣ, ಬೆಳೆ ಹೋಯ್ತಂತಲ್ಲ! ಯಾವ ಕಡೆಯಿಂದ ಕೀಳಾನ?"

ಬೊಮ್ಮಣ್ಣ ಮಂಚದಿಂದ ಎದ್ದು ಕೂತ. ನಾನು ಕುಡುಗೋಲು ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಈಗ ಶುರುವಾಗುತ್ತದೆ ಎಂದುಕೊಂಡೆ. ಬ್ಲೀಚಿಂಗ್ ಕಂಪನಿಯವರ ತಪ್ಪು, ಚೀಲಕ್ಕೆ ಹೆಸರು ದಪ್ಪಕ್ಷರದಲ್ಲಿ ಬರೆಯಬೇಕಿತ್ತು, ಅದೆಲ್ಲ ನನಗೆ ಮೊದಲೇ ಗೊತ್ತಿತ್ತು, ದಾಳಿಂಬೆಯ ವಿಷಯ ಏನೆಂದರೆ...

ಬಾಯಿ ತೆರೆದ. ಗಾಳಿ ಬಂತು, ಮಾತು ಬರಲಿಲ್ಲ. ಗಂಟಲು ಹಿಡಿದುಕೊಂಡು ಇನ್ನೊಮ್ಮೆ ತೆರೆದ.

"ಅವಳ್ನ ಕೇಳು."

"ಏನಣ್ಣ? ಕೇಳಿಸ್ಲಿಲ್ಲ!" ಮಾರೇಶ ಇಂಜಿನ್ ನಿಲ್ಲಿಸಿದ.

"ನಂಗೊತ್ತಿಲ್ಲ" ಎಂದ ನನ್ನ ಗಂಡ. ಹರಿದ ಬಟ್ಟೆಯಂಥ ದನಿ. "ತೋಟ ಅವಳ್ದು. ಅವಳ್ನ ಕೇಳು."

ಅತ್ತೆಯ ಅಡಿಕೆ ಕುಟ್ಟಾಣಿ ನಿಂತಿತು. ಪುಟ್ಟಕ್ಕ ಬ್ಯಾಗು ಕೆಳಗಿಟ್ಟಳು. ಮಾರೇಶ ನನ್ನ ಕಡೆ ತಿರುಗಿ, "ಏನ್ಮಾಡ್ಲಿ ಅಕ್ಕ?" ಎಂದ. ಇಷ್ಟು ವರ್ಷ ಕಾದು ಕಾದು ಬಿಟ್ಟಿದ್ದ ಮಾತು, ಹುಳವೆಲ್ಲ ಸತ್ತ ಮೇಲೆ, ಊರ ಟ್ರ್ಯಾಕ್ಟರಿನವನ ಎದುರಿಗೆ ಬರಬೇಕಿತ್ತೇ? ಸಿಟ್ಟು ಬಂತು, ಅಳು ಬಂತು, ಯಾವುದು ಯಾವುದೆಂದು ತಿಳಿಯಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡೆ.

"ಈ ಮನೇಲಿ ಎಲ್ರಿಗೂ ಗಂಟ್ಲು ಹೋಗೈತಾ?" ಎಂದ ಮಾರೇಶ.

"ನೇಗ್ಲು ಬಿಚ್ಚಿ ಕುಂಟೆ ಹಾಕ್ಕಂಡು ಬಾ" ಎಂದೆ. "ಸಾಲಿನ ಮಧ್ಯ ಮಧ್ಯ ಹೊಡಿ, ಕಳೆ ಬಂದೈತೆ. ಒಂದು ಗಿಡ ಮುರುದ್ರೆ ನೋಡು, ಟ್ರ್ಯಾಕ್ಟರ್ ಇಲ್ಲೇ ಬಿಟ್ಟು ನಡ್ಕಂಡು ಹೋಗ್ತೀಯ."

ಅವನು ಬೊಮ್ಮಣ್ಣನ ಕಡೆ ನೋಡಿದ. ಬೊಮ್ಮಣ್ಣ ನನ್ನ ಕಡೆ ಕೈ ತೋರಿಸಿ ಮಂಚದ ಮೇಲೆ ಒರಗಿದ. ಮಾರೇಶ ಕುಂಟೆ ಕಟ್ಟಿಕೊಂಡು ಬರುವವರೆಗೆ ಕಾದಿದ್ದು, ನಾನು ಟ್ರ್ಯಾಕ್ಟರಿನ ಮುಂದೆ ನಡೆದು ಹೋಗಿ 'ಇಲ್ಲಿಂದ' ಎಂದು ಸಾಲು ತೋರಿಸಿದೆ.